ಬಿಡಿಸದ ಹಾಳೆ

ಮುನಿಲಕ್ಷ್ಮಮ್ಮನಿಗೆ ಕ್ಷಮಿಸುವುದು ಗೊತ್ತಿರಲಿಲ್ಲ. ಇದನ್ನು ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಸುದ್ದಗುಂಟೆಪಾಳ್ಯದ ಚಿಕ್ಕಬೈರಪ್ಪನ ಮಗಳು ಅವಳು. ಬೆಳಗ್ಗೆ ಅಪ್ಪನ ತೋಟದಲ್ಲಿ ದಂಟು, ಮೆಂತ್ಯ ಕೊಯ್ದು ಕಟ್ಟು ಕಟ್ಟಿಟ್ಟು, ಆಮೇಲೆ ಜಯನಗರದಲ್ಲಿದ್ದ ನಮ್ಮ ಕಾಲೇಜಿಗೆ ನಡೆದು ಬರುತ್ತಿದ್ದಳು. ಅರವತ್ತನಾಲ್ಕರಲ್ಲಿ ಇತಿಹಾಸದ ತರಗತಿಯಲ್ಲಿ ನಾವಿಬ್ಬರೂ ಒಂದೇ ಬೆಂಚು.

ಮೇಷ್ಟ್ರು ಪರಮಶಿವಯ್ಯ ಒಂದು ಕೆಲಸ ಕೊಟ್ಟಿದ್ದರು. ಹಳೆಯ ಬೆಂಗಳೂರು ಪೇಟೆಯ ಬಗ್ಗೆ ವಿದ್ವಾಂಸರು ಬರೆದ ಪುಸ್ತಕಗಳನ್ನು ಹುಡುಕಿ ಪಟ್ಟಿ ಮಾಡಬೇಕು. ಒಂದೊಂದರ ಕೆಳಗೂ ಅದು ಏನು ಹೇಳುತ್ತದೆ, ಎಷ್ಟು ನಂಬಬಹುದು ಎಂದು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯಬೇಕು. ಲೈಬ್ರರಿಗೆ ವಿಲಾಯಿತಿಯಿಂದ ಬಂದ ಪುಸ್ತಕಗಳಲ್ಲಿ ಹಾಳೆಗಳ ಅಂಚು ಒಂದಕ್ಕೊಂದು ಕೂಡಿಕೊಂಡೇ ಇರುತ್ತಿತ್ತು. ಮೊದಲು ಓದುವವರು ಅದನ್ನು ಕತ್ತರಿಸಿ ಬಿಡಿಸಿಕೊಳ್ಳಬೇಕು. ಮುನಿಲಕ್ಷ್ಮಮ್ಮ ಮನೆಯ ಸೊಪ್ಪಿನ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಬಿಡಿಸಿ ಓದುತ್ತಿದ್ದಳು.

ಗೌರೀಶಂಕರ ಮೇಷ್ಟ್ರ ಮೆಚ್ಚಿನ ಶಿಷ್ಯ, ಚಿಕ್ಕಪೇಟೆಯ ಜವಳಿ ವ್ಯಾಪಾರಿಯ ಮಗ. "ಒಂದು ದಿನ ನೋಡಿ ಕೊಡ್ತೀನಿ" ಎಂದು ಅವಳ ಟಿಪ್ಪಣಿ ತೆಗೆದುಕೊಂಡು ಹೋದವನು ಹಾಗೆಹಾಗೇ ನಕಲು ಮಾಡಿ, ಅವಳಿಗಿಂತ ಮೊದಲೇ ಒಪ್ಪಿಸಿಬಿಟ್ಟ. ಮೇಷ್ಟ್ರು ಎರಡನ್ನೂ ಎತ್ತಿ ಹಿಡಿದು ಅವಳನ್ನು ಎಬ್ಬಿಸಿ ನಿಲ್ಲಿಸಿದರು.

"ಸೊಪ್ಪು ಕೊಯ್ಯೋ ಕೈ ಇಂಥ ಇಂಗ್ಲಿಷ್ ಬರೆಯುತ್ತೇನಮ್ಮ? ಕದ್ದೆ ಅಂತ ಒಪ್ಕೋ."

"ಆ ಪುಸ್ತಕಗಳ ಹಾಳೆ ಬಿಡಿಸಿದ್ದೇ ನಾನು ಸಾರ್" ಎಂದಳು. ತರಗತಿ ನಕ್ಕಿತು. ನನಗೆ ಇವತ್ತಿಗೂ ಆ ನಗುವಿನ ಮೇಲೆ ಕೋಪ ಇದೆ.

ಸೊನ್ನೆ ಬಂತು. ಎಂ.ಎ.ಗೆ ಬೇಕಾದ ಶಿಫಾರಸು ಪತ್ರ ಕೊಡುವುದಿಲ್ಲ ಎಂದರು. ಸುದ್ದಿ ಪಾಳ್ಯಕ್ಕೂ ಮುಟ್ಟಿತು. ರಾತ್ರಿ ಊಟಕ್ಕೆ ಕೂತಾಗ ಚಿಕ್ಕಬೈರಪ್ಪ ತಟ್ಟೆಯಿಂದ ತಲೆ ಎತ್ತದೆ, "ದಿಟ ಹೇಳವ್ವ, ಕದ್ದಾ?" ಎಂದು ಕೇಳಿದನಂತೆ. ಮೇಷ್ಟ್ರ ಮಾತನ್ನು ಅವಳು ನುಂಗಿಕೊಂಡಿದ್ದಳು, ಅಪ್ಪನ ಈ ಪ್ರಶ್ನೆಯನ್ನು ಮಾತ್ರ ನುಂಗಿಕೊಳ್ಳಲಿಲ್ಲ. "ಅಪ್ಪನ ಕಿವಿಗೆ ಬೀಳೋ ಹಾಗೆ ಅವರ ಬಾಯಲ್ಲೇ ಹೇಳಿಸ್ತೀನಿ ಕಣೆ" ಎಂದಳು ನನಗೆ.

ಮುಂದಿನ ಟರ್ಮಿನಲ್ಲಿ ಮತ್ತೆ ಅದೇ ಬಗೆಯ ಕೆಲಸ. ಈ ಸಲ ಅವಳೇ ಟಿಪ್ಪಣಿಯನ್ನು ಗೌರೀಶಂಕರನ ಕಣ್ಣಿಗೆ ಬೀಳುವ ಹಾಗೆ ಲೈಬ್ರರಿಯ ಮೇಜಿನ ಮೇಲೆ ಬಿಚ್ಚಿಟ್ಟು ಊಟಕ್ಕೆ ಎದ್ದುಬಂದಳು. ಅದರಲ್ಲಿ ಒಬ್ಬ ಡಚ್ ವ್ಯಾಪಾರಿಯ ಪ್ರವಾಸದ ಪುಸ್ತಕವನ್ನೂ ಸೇರಿಸಿ, 'ನೇಕಾರರ ಅಧ್ಯಾಯ ಅತ್ಯುತ್ತಮ, ಪೂರ್ತಿ ನಂಬಬಹುದು' ಎಂದು ಬೇಕೆಂದೇ ಸುಳ್ಳು ಬರೆದಿದ್ದಳು. ತಾನು ಒಪ್ಪಿಸಿದ ಪ್ರತಿಯಲ್ಲಿ ಆ ಪುಸ್ತಕದ ಹೆಸರೇ ಇರಲಿಲ್ಲ.

ಓದಿ ಹೇಳುವ ದಿನ ಗೌರೀಶಂಕರ ಎದೆ ಸೆಟೆಸಿ ನಿಂತು ನೇಕಾರರ ಅಧ್ಯಾಯವನ್ನು ಕೊಂಡಾಡಿದ. ಮೇಷ್ಟ್ರು ತಲೆದೂಗಿದರು. ಮುನಿಲಕ್ಷ್ಮಮ್ಮ ಎದ್ದಳು.

"ಆ ಪುಸ್ತಕ ತರಿಸಿ ಸಾರ್. ಕಾಲೇಜಲ್ಲಿ ಇರೋದು ಒಂದೇ ಪ್ರತಿ."

ಜವಾನ ತಂದುಕೊಟ್ಟ. ಮೇಷ್ಟ್ರು ತೆರೆಯಲು ಹೋದರು. ಮೊದಲಿನಿಂದ ಕೊನೆಯವರೆಗೆ ಒಂದು ಹಾಳೆಯನ್ನೂ ಯಾರೂ ಬಿಡಿಸಿರಲಿಲ್ಲ. ಅವಳು ಮುಂದೆ ಹೋಗಿ ಬಟ್ಟೆ ಬಿಚ್ಚಿ ಚಾಕುವನ್ನು ಮೇಜಿನ ಮೇಲಿಟ್ಟಳು.

"ಸೊಪ್ಪು ಕೊಯ್ಯೋ ಚಾಕು ಸಾರ್. ಹಾಳೆ ಬಿಡಿಸೋದೂ ಇದರಲ್ಲೇ. ಒಳಗೆ ನೇಕಾರರು ಇದ್ದಾರಾ ನೋಡಿ. ಹಾಳೆ ಸಂದಿಯಿಂದ ವಿಷಯಸೂಚಿ ಇಣುಕಿ ನೋಡಿ, ಅದರಲ್ಲಿ ಇಲ್ಲದ್ದನ್ನೇ ನಾನು ಕಟ್ಟಿದ ಸುಳ್ಳು ಅದು."

ಮೇಷ್ಟ್ರು ಹಾಳೆಗಳನ್ನು ಕತ್ತರಿಸಿ ಹುಡುಕಿದರು. ಸಿಗಲಿಲ್ಲ. ಗೌರೀಶಂಕರನ ಮುಖ ಸುಣ್ಣವಾಗಿತ್ತು.

"ಸ್ಟಾಫ್ ರೂಮಿಗೆ ಬಾಮ್ಮ, ಮಾತಾಡೋಣ. ಪತ್ರಾನೂ ಬರ್ಕೊಡ್ತೀನಿ."

"ನನ್ನ ಕಳ್ಳಿ ಅಂದಿದ್ದು ಇಲ್ಲಿ ಸಾರ್. ಇಲ್ಲೇ ಹೇಳಿ."

ಅವರು ಕನ್ನಡಕ ತೆಗೆದು ಒರೆಸಿ, "ಇವಳು ಕದ್ದಿರಲಿಲ್ಲ" ಎಂದು ಗೊಣಗಿದರು.

ಮುನಿಲಕ್ಷ್ಮಮ್ಮ ಬಾಗಿಲ ಕಡೆ ನೋಡಿದಳು. ವರಾಂಡದಲ್ಲಿ ಚಿಕ್ಕಬೈರಪ್ಪ ತಲೆವಸ್ತ್ರ ಕೈಯಲ್ಲಿ ಹಿಡಿದು ನಿಂತಿದ್ದ.

"ಸ್ವಲ್ಪ ಜೋರಾಗಿ ಹೇಳಿ ಸಾರ್. ನಮ್ಮಪ್ಪನಿಗೆ ಕೇಳಿಸ್ಲಿಲ್ಲ."