ಸದ್ದು ಮಾಡುವ ಫ್ಯಾನು

ಮೊನ್ನೆ ಹಾಸನದ ಅಕ್ಕನ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಪಕ್ಕದ ಬಾಗಿಲು ಬಿಚ್ಚಿದೆ. ಕಾದ ಧೂಳಿನ ವಾಸನೆ ಬಂತು, ಅದರ ಹಿಂದೆಯೇ ಊದುಬತ್ತಿಯದು. ಕೆಟ್ಟುಹೋದ ಫ್ಯಾನನ್ನು ಕಳಚಿ ಬೆಳಕಿಗೆ ಹಿಡಿದರೆ ನಡುವಿನ ಬಿಲ್ಲೆಯ ಮೇಲೆ ವಿಭೂತಿ, ಕುಂಕುಮ ಒಣಗಿ ಕೂತಿದ್ದವು. ಬೆರಳಿನಿಂದ ತಿರುಗಿಸಿದೆ. ಅರ್ಧ ಸುತ್ತು ಹೋಗಿ ನಿಂತಿತು. ಅದನ್ನು ಆರಿಸಿದವರು ನನ್ನ ಭಾವ, ಅಕ್ಕನ ಗಂಡ. ಒಂದು ಕಂಪ್ಯೂಟರಿನ ಬಿಡಿಭಾಗ ಆರಿಸುವುದಕ್ಕೆ ನನ್ನನ್ನು ಅವರಷ್ಟು ಸತಾಯಿಸಿದವರು ಬೇರೆ ಯಾರೂ ಇಲ್ಲ...

ಭಾವ ಖಾಸಗಿ ಬಸ್ಸಿನ ಡ್ರೈವರಾಗಿದ್ದರು. ಹಾಸನದಿಂದ ಅರಕಲಗೂಡು, ಅಲ್ಲಿಂದ ರಾಮನಾಥಪುರ, ಮತ್ತೆ ವಾಪಸ್ಸು. ಹಣೆಯ ಮೇಲೆ ವಿಭೂತಿ, ಕತ್ತಿನ ಸುತ್ತ ಟವೆಲು. ಕೈ ತೋರಿಸಿದವರನ್ನು ಬಿಟ್ಟು ಹೋದವರಲ್ಲ. ಅಜ್ಜಿಯೊಬ್ಬಳು ಗದ್ದೆಯ ಬದುವಿನ ಮೇಲೆ ಓಡಿ ಬರುತ್ತಿದ್ದರೆ ಅವಳು ಬರುವ ತನಕ ಗಾಡಿ ನಿಲ್ಲಿಸಿಕೊಂಡು ಕಂಡಕ್ಟರನ ಕೈಲಿ ಬೈಸಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಇನ್ಸುಲಿನ್ ಶುರುವಾದ ಮೇಲೆ ಒಂದು ದಿನ ಊಟ ತಡವಾಗಿ, ಸ್ಟೀರಿಂಗ್ ಹಿಡಿದಿದ್ದಂತೆಯೇ ಕಣ್ಣಿಗೆ ಕತ್ತಲೆ ಬಂತು. ಬಸ್ಸು ರಸ್ತೆ ಬಿಟ್ಟು ಇಳಿದು ಹೊಗೆಸೊಪ್ಪಿನ ಹೊಲದ ಬೇಲಿಗೆ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಅದು ಪುಣ್ಯ. ಇನ್ನು ಮೇಲೆ ಬಸ್ಸು ಮುಟ್ಟಬಾರದೆಂದು ಡಾಕ್ಟರು ಹೇಳಿದರು.

ಅಂದಿನಿಂದ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಭಾವ ಕೂತರೆ ಏಳುತ್ತಿದ್ದರು, ಎದ್ದರೆ ಬಾಗಿಲಿಗೆ ಹೋಗುತ್ತಿದ್ದರು. ಟೀವಿ ನೋಡುತ್ತಿರುವಾಗ ಅವರ ಎಡಗಾಲು ನೆಲದ ಮೇಲೆ ಕ್ಲಚ್ ಒತ್ತುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಖಾಕಿ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು. ಸುಮ್ಮನೆ ನಿಂತು ಬರುತ್ತಾರೆಂಬ ನಂಬಿಕೆ ಅಕ್ಕನಿಗಿರಲಿಲ್ಲ. ಡ್ರೈವರ್ ಸಿಗದ ದಿನ ಮಾಲೀಕರು ಫೋನು ಮಾಡುತ್ತಿದ್ದರು, ಲೈಸೆನ್ಸು ಇವರ ಅಂಗಿಯ ಜೇಬಿನಲ್ಲೇ ಇತ್ತು.

ನಾನು ಆಗ ಹೊಳೆನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಬಿಡುವಿದ್ದಾಗ ಗೇಮ್ ಆಡುವ ಹುಚ್ಚು ನನಗೂ ಉಂಟು. ಒಂದು ಭಾನುವಾರ ನನ್ನ ಫೋನಿನಲ್ಲಿ ಬಸ್ಸು ಓಡಿಸುವ ಆಟವೊಂದನ್ನು ತೋರಿಸಿದೆ. ನಿಜವಾದ ಸ್ಟೀರಿಂಗು, ಪೆಡಲು ಇಟ್ಟುಕೊಂಡು ದೊಡ್ಡ ಕಂಪ್ಯೂಟರಿನಲ್ಲೂ ಇದನ್ನು ಆಡಬಹುದು ಎಂದೆ. ಭಾವ ಫೋನು ಕಸಿದುಕೊಂಡು ಮೂಗಿನ ಹತ್ತಿರ ಹಿಡಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ ಅಲ್ಲೇ ಪಂಚಾಯಿತಿ ತೀರ್ಮಾನ ಮಾಡಿಬಿಟ್ಟಳು.

"ನೀವು ಏಳಿದ್ ಸಾಮಾನೇ ಆಕ್ಸಿ ಇವ್ನು ಕಂಪ್ಯೂಟ್ರು ಕಟ್ಕೊಡ್ಲಿ. ಅದು ಚಾಲೂ ಆದ್ ದಿನ ಲೈಸೆನ್ಸ್ ನನ್ ಕೈಗೆ ಕೊಡ್ಬೇಕು. ಆಮೇಕೆ ಬಸ್ಸಿನ್ ಮಾತು ಎತ್ತಂಗಿಲ್ಲ."

ಭಾವ ಒಪ್ಪಿದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಹಾಸನದ ಕಂಪ್ಯೂಟರ್ ಅಂಗಡಿಗಳಿಗೆಲ್ಲ ಅವರನ್ನು ಕರೆದುಕೊಂಡು ಅಲೆದೆ. ಗಾಜಿನ ಬಾಗಿಲಿನ ಕ್ಯಾಬಿನೆಟ್ ತೋರಿಸಿದರೆ, ಒಳಗೆ ಬಣ್ಣದ ದೀಪ ನೋಡಿ, "ಇದೇನ್ಲಾ ಮದ್ವೆ ಬಸ್ಸಾ?" ಎಂದರು. ದೀಪವಿಲ್ಲದ್ದು ತಂದರೆ ತಗಡು ತೆಳುವೆಂದು ಬೆರಳಿನಿಂದ ಕುಟ್ಟಿದರು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಅಂಗಡಿಯವನು ಭಾಷಣ ಮಾಡಿದ. ಎಲ್ಲವನ್ನೂ ಕೇಳಿಸಿಕೊಂಡು, "ಫುಲ್ ಲೋಡಲ್ಲಿ ಏರು ಅತ್ತುತ್ತಾ ಸಾ?" ಎಂದು ಕೇಳಿದರು. ಅವನು ಹತ್ತುತ್ತದೆ ಎಂದರೂ ಬೇಡವೆಂದರು. ಮಾನಿಟರಿನ ಮುಂದೆ ಎರಡೂ ತೋಳು ಚಾಚಿ ಅಗಲ ನೋಡಿ, ಇದರಲ್ಲಿ ಎಡಗಡೆ ಬರುವ ಮೊಪೆಡ್ ಕಾಣುವುದಿಲ್ಲ ಎಂದರು. ನಾನು ಒಪ್ಪಿಸಿ ಮನೆಗೆ ತಂದದ್ದನ್ನೂ ಮರುದಿನ ಅವರೇ ಹೋಗಿ ವಾಪಸ್ಸು ಕೊಟ್ಟು ಬರುತ್ತಿದ್ದರು. ನನ್ನ ರಜಗಳೆಲ್ಲ ಹೀಗೇ ಕರಗಿದವು. ನನಗೆ ಮೂಗಿನ ತುದಿಯಲ್ಲೇ ಕೋಪ; ಒಮ್ಮೆ ನಡುರಸ್ತೆಯಲ್ಲಿ, ನಿಮಗೆ ಬೇಕೋ ಬೇಡವೋ ಮೊದಲು ಹೇಳಿ ಎಂದು ಕೂಗಾಡಿದೆ. ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡು ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸನ್ನು ನೋಡುತ್ತಾ ನಿಂತರು.

ಅಷ್ಟರಲ್ಲಿ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಯಿತು. ಆ ದಿನಗಳಲ್ಲಿ ಬಸ್ಸಿಗೆ ಜನವೋ ಜನ. ಮಾಲೀಕರ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಭಾವ ಹಿತ್ತಿಲಿಗೆ ಹೋಗಿ ದನಿ ತಗ್ಗಿಸಿ, "ಸ್ವಾಮಾರ ಬತ್ತೀನಿ ಬಿಡಿ" ಎಂದು ಸೋಮವಾರಕ್ಕೆ ಒಪ್ಪಿಕೊಂಡದ್ದು ಕಿಟಕಿಯಿಂದ ಕೇಳಿಸಿತು. ಆಗ ನನಗೆ ಎಲ್ಲ ತಿಳಿಯಿತು. ಕಂಪ್ಯೂಟರು ಪೂರ್ತಿಯಾಗುವ ತನಕ ಲೈಸೆನ್ಸು ಅವರದು. ಅದಕ್ಕೇ ಒಂದೊಂದು ಸಾಮಾನಿಗೂ ಒಂದೊಂದು ಕೊಂಕು.

ಅಕ್ಕನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ. ಈರುಳ್ಳಿ ಹೆಚ್ಚುತ್ತಲೇ ನನಗೆ ಹೇಳಿದಳು: "ಬಸ್ ತುಂಬ ಜನ ಇರ್ತಾರೆ ಕಣೋ. ಇವ್ರು ಒಬ್ರೇ ಆಗಿದ್ರೆ ನಾನ್ ಸುಮ್ಕಿರ್ತಿದ್ದೆ."

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಯಾರನ್ನೂ ಕೇಳದೆ ಹೋಗಿ, ಅವರು ಬೇಡವೆಂದ ಸಾಮಾನುಗಳನ್ನೆಲ್ಲ, ಸ್ಟೀರಿಂಗು ಪೆಡಲುಗಳನ್ನೂ ಸೇರಿಸಿ, ತಂದು ಜೋಡಿಸಿದೆ. ಉಳಿದದ್ದು ಪೆಟ್ಟಿಗೆಯ ಹಿಂಬದಿಯಲ್ಲಿ ಬಿಸಿಗಾಳಿ ಹೊರಗೆ ತಳ್ಳುವ ಫ್ಯಾನೊಂದೇ. ಅಕ್ಕನ ಕರಾರಿನಂತೆ ಅದೊಂದನ್ನಾದರೂ ಅವರ ಬಾಯಿಂದಲೇ ಹೇಳಿಸಬೇಕೆಂದು ಭಾವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಅಂಗಡಿಯವನು ಒಳ್ಳೊಳ್ಳೆಯ ಫ್ಯಾನುಗಳನ್ನು ಕರೆಂಟಿಗೆ ಕೊಟ್ಟು ತೋರಿಸಿದ. ತಿರುಗುತ್ತಿರುವುದೇ ಗೊತ್ತಾಗುವುದಿಲ್ಲ ನೋಡಿ ಸಾರ್, ಅಷ್ಟು ಸೈಲೆಂಟು ಎಂದ. ಭಾವ ಒಂದೊಂದಕ್ಕೂ ಕಿವಿ ಕೊಟ್ಟು ತಲೆಯಾಡಿಸಿದರು.

"ಗಾಡಿ ಅಂದ್ಮೇಲೆ ಉಸ್ರು ಕೇಳ್ಬೇಕು ಸಾ. ಕಿವೀಲ್ ತಾನೆ ಓಡ್ಸೋದು."

ಇದೂ ನೆಪವೆಂದು ನಾನು ಹಲ್ಲು ಕಚ್ಚಿದೆ. ಅಂಗಡಿಯವನಿಗೂ ಸಾಕಾಗಿತ್ತು. ಯಾವುದೋ ಆಫೀಸಿನ ಹಳೇ ಸರ್ವರಿನಿಂದ ಕಳಚಿದ ದಪ್ಪ ಫ್ಯಾನೊಂದನ್ನು ಗುಜರಿ ಡಬ್ಬದಿಂದ ತೆಗೆದು ತಮಾಷೆಗೆ ವೈರು ತಗುಲಿಸಿದ. ಅದು ಮೊದಲು ಗೊರಗುಟ್ಟಿತು, ಆಮೇಲೆ ಅರಚುತ್ತಾ ಏರಿತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾವ ಕಣ್ಣು ಮುಚ್ಚಿಕೊಂಡಿದ್ದರು. ಅವರ ಕೈ ಗಾಳಿಯಲ್ಲಿ ಗೇರು ಹಾಕಿತು.

"ಸೆಕೆಂಡಲ್ಲಿ ಏರು ಅತ್ತಂಗೈತೆ" ಎಂದರು, ಬಹಳ ಮೆಲ್ಲಗೆ. "ಇದೇ ಆಕು."

ಹೇಳಿದ ಮೇಲೆ ಅವರಿಗೆ ಅರಿವಾಯಿತು. ನನ್ನ ಮುಖ ನೋಡಿದರು, ಅಂಗಿಯ ಜೇಬು ಮುಟ್ಟಿಕೊಂಡರು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಫ್ಯಾನನ್ನು ತೊಡೆಯ ಮೇಲೆ ಹಿಡಿದುಕೊಂಡೇ ಬಂದರು.

ಹೊಸ ಗಾಡಿಗೆ ಮಾಡುವ ಹಾಗೆಯೇ ಅಂದು ಪೂಜೆಯಾಯಿತು. ಅಕ್ಕ ಫ್ಯಾನಿಗೆ ವಿಭೂತಿ, ಕುಂಕುಮವಿಟ್ಟು ಊದುಬತ್ತಿ ಹಚ್ಚಿದಳು. ಭಾವ ಪೆಡಲುಗಳ ಕೆಳಗೆ ನಿಂಬೆಹಣ್ಣು ಇಟ್ಟು ತುಳಿದರು. ರಸ ಚಿಮ್ಮಿ ನನ್ನ ಹೊಸ ವೈರುಗಳ ಮೇಲೆಲ್ಲ ಬಿತ್ತು, ಒರೆಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆಮೇಲೆ ಕಂಪ್ಯೂಟರ್ ಆನ್ ಮಾಡಿ ಎದ್ದು ಹೋಗಿಬಿಟ್ಟರು. ಎಲ್ಲಿಗೆ ಎಂದರೆ, "ಇಂಜಿನ್ ಕಾಯ್ಲಿ ತಡಿ, ಬ್ರೇಕಿಗೆ ಗಾಳಿ ತುಂಬ್ಬೇಕು" ಎಂದರು. ಕಂಪ್ಯೂಟರಿಗೆ ಅದೆಲ್ಲ ಇಲ್ಲವೆಂದು ಎಷ್ಟು ಹೇಳಿದರೂ ಕಾಫಿ ಮುಗಿಸಿಯೇ ಬಂದು ಕೂತರು.

ಪರದೆಯ ಮೇಲೆ ಯಾವುದೋ ದೇಶದ ರಸ್ತೆ. ಭಾವ ನಿಧಾನಕ್ಕೆ ಓಡಿಸಿದರು. ಆಲದ ಮರದಂಥದ್ದೊಂದು ಕಂಡಾಗ ಎಡಕ್ಕೆ ತೆಗೆದು ನಿಲ್ಲಿಸಿದರು. ಅಲ್ಲಿ ಸ್ಟಾಪಿಲ್ಲ ಭಾವ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಅಜ್ಜಿಯೊಬ್ಬಳು ಹತ್ತುವಷ್ಟು ಹೊತ್ತು ಕಾದು, ಕನ್ನಡಿ ನೋಡಿ, ಮತ್ತೆ ಹೊರಟರು. ಅರ್ಧ ಗಂಟೆಯೋ ಎಷ್ಟೋ... ಗಾಡಿ ಬದಿಗೆ ಹಾಕಿ ಎದ್ದರು. ಜೇಬಿನಿಂದ ಲೈಸೆನ್ಸು ತೆಗೆದು ಟವೆಲಿನ ತುದಿಯಲ್ಲಿ ಒರೆಸಿ ಅಕ್ಕನ ಕೈಯಲ್ಲಿಟ್ಟರು.

"ತಕ" ಎಂದರು. ಅಷ್ಟೇ.

ಅಕ್ಕ ಅದನ್ನು ಎಲ್ಲಿಟ್ಟಳೋ ನಾನು ಕೇಳಲಿಲ್ಲ. ಸೋಮವಾರ ಮಾಲೀಕರ ಫೋನು ಬಂದಾಗ ಭಾವ ರಿಂಗಾಗಲು ಬಿಟ್ಟರು. ಕೈ ಮಾತ್ರ ಬಹಳ ದಿನ ಖಾಲಿ ಜೇಬಿಗೆ ಹೋಗುತ್ತಲೇ ಇತ್ತು. ಅವರ ಚಡಪಡಿಕೆ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ಸಲ ಆಟವನ್ನು ಅರ್ಧಕ್ಕೆ ಬಿಟ್ಟು ಬೀದಿಗೆ ಹೋಗಿ ನಿಲ್ಲುತ್ತಿದ್ದರು. ಇದರಲ್ಲಿ ಕೈ ಅಡ್ಡ ಹಾಕುವವರೇ ಇಲ್ಲವಲ್ಲ ಎಂದು ಬೇಜಾರು. ಆದರೂ ಬೆಳಿಗ್ಗೆ ಎದ್ದ ತಕ್ಷಣ ಕಂಪ್ಯೂಟರ್ ಆನ್ ಮಾಡಿ ಇಂಜಿನ್ ಕಾಯಿಸುವುದನ್ನು ಬಿಡಲಿಲ್ಲ. ಪಕ್ಕದ ಮನೆಯವರು ಮಿಕ್ಸಿ ರಿಪೇರಿ ಮಾಡಿಸಿಕೊಳ್ಳಿ ಎಂದು ಹೇಳಿ ಹೋದದ್ದೂ ಉಂಟು.

ಕಡೆಗೆ ಸಕ್ಕರೆ ಕಾಯಿಲೆಯೇ ಅವರನ್ನು ತೆಗೆದುಕೊಂಡು ಹೋಯಿತು. ಆಸ್ಪತ್ರೆಯಲ್ಲಿ, ಹಗಲು ಹೊತ್ತಿನಲ್ಲಿ, ನಾವೆಲ್ಲ ಇರುವಾಗಲೇ... ಅಕ್ಕ ಅತ್ತಳು, ನಾನೂ ಅತ್ತೆ. ಆಟ ಆಡುವವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಬೆಳಿಗ್ಗೆ ನಾನು ಫೋನು ಮಾಡಿದಾಗಲೆಲ್ಲ ಅಕ್ಕನ ಮಾತಿನ ಹಿಂದೆ ಆ ಫ್ಯಾನು ಗೊರಗುಟ್ಟುವುದು ಕೇಳಿಸುತ್ತಿತ್ತು. ಹಾಳಾಗದಿರಲಿ ಎಂದು ಆನ್ ಮಾಡುತ್ತೀನಿ ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.

ಮೊನ್ನೆ ಅದು ನಿಂತುಹೋಯಿತೆಂದು ಕರೆಸಿದಳು. ಅಂಥ ಫ್ಯಾನಿಗಾಗಿ ಹಾಸನವೆಲ್ಲ ಸುತ್ತಿದೆ, ಚನ್ನರಾಯಪಟ್ಟಣಕ್ಕೂ ಹೋಗಿ ಬಂದೆ. ಅಷ್ಟು ಸದ್ದಿನದು ಯಾರಿಗೆ ಬೇಕು ಸಾರ್ ಎಂದು ನಕ್ಕರು. ಕೊನೆಗೆ ಒಳ್ಳೆಯದೊಂದು ಹೊಸ ಫ್ಯಾನು ತಂದು ಕೂರಿಸಿ ಸ್ವಿಚ್ಚು ಒತ್ತಿದೆ. ಪರದೆ ಬೆಳಗಿತು.

ಅಕ್ಕ ಅಡುಗೆಮನೆಯಿಂದಲೇ ಕೇಳಿದಳು: "ಯಾಕೋ, ಆನ್ ಆಗ್ಲಿಲ್ವಾ?"

"ಆಗಿದೆ ಅಕ್ಕ. ಓಡ್ತಾ ಇದೆ."

ಕೈ ಒರೆಸಿಕೊಳ್ಳುತ್ತಾ ಬಂದಳು. ಬಗ್ಗಿ ಕಿವಿಯಿಟ್ಟಳು. ಅಂಗೈಯನ್ನು ಪೆಟ್ಟಿಗೆಯ ಹಿಂದೆ ಹಿಡಿದು ಗಾಳಿ ಬರುತ್ತಿದೆಯೇ ಎಂದು ನೋಡಿದಳು. ಬರುತ್ತಿತ್ತು.

"ಓಡ್ತಾ ಐತೆ ಅಂತೀಯ... ಮತ್ತ್ಯಾಕೋ ಮನೇಲಿ ಯಾರೂ ಇಲ್ದಂಗೈತೆ?"

ಬಿಚ್ಚಿಟ್ಟಿದ್ದ ಕೆಟ್ಟ ಫ್ಯಾನನ್ನು ಎತ್ತಿಕೊಂಡೆ. ಅದನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಲ್ಲಿ ಧೂಳು ಒರೆಸುತ್ತಾ ಒಳಗೆ ಹೋದಳು. ಕುಂಕುಮ ಮಾತ್ರ ಒರೆಸಲಿಲ್ಲ.