ಸೀಮೆಸುಣ್ಣದ ನಾಲ್ಕು ಗೆರೆಗಳು

ಅವರ ಬಲಗೈಯ ಹಿಂಭಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಎಡಗೈ ತುಂಬ ಕರಡಿಯಂಥ ರೋಮ, ಬಲಗೈ ಮಾತ್ರ ಕಾದ ಹಂಚಿನ ಹಾಗೆ ಕಂದು, ನುಣುಪು. ಬಿಸಿ ಮೋಟಾರುಗಳ ಮೈಮೇಲೆ ಆ ಕೈಯನ್ನು ವರ್ಷಗಟ್ಟಲೆ ಇಟ್ಟು ಇಟ್ಟು ಹಾಗಾಗಿತ್ತು. ಅಂಗೈಯನ್ನು ಎಂದೂ ಇಡುತ್ತಿರಲಿಲ್ಲ. "ಅಂಗೈಗೆ ಕರೆಂಟ್ ಹೊಡದ್ರ ಬೆರಳ ಮುಚ್ಚಿ ಅದನ್ನ ಹಿಡ್ಕೊಂಡ ಬಿಡ್ತಾವ. ಹಿಂಗೈಗೆ ಹೊಡದ್ರ ಕೈ ತಾನ ಹಿಂದ ಸರೀತೈತಿ" ಅನ್ನುತ್ತಿದ್ದರು.

ನಾನು ಅವರನ್ನು ಮೇಸ್ತ್ರಿ ಅಣ್ಣ ಎಂದು ಕರೆಯುತ್ತಿದ್ದೆ. ಮಕ್ಕಳೇ, ಅವರು ನಿಮ್ಮ ಅಜ್ಜನ ಗೆಳೆಯರು. ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಗಲ್ಲಿಯಲ್ಲಿ ಅವರ ಮೋಟಾರು ರಿಪೇರಿ ಅಂಗಡಿ ಇತ್ತು. ನಮ್ಮ ಖಾನಾಪುರದ ಹಿಟ್ಟಿನ ಗಿರಣಿಗೆ ಮೋಟಾರು ಆರಿಸಿ ಕೊಟ್ಟವರೂ ಅವರೇ.

ಕಳೆದ ದೀಪಾವಳಿ ರಜೆಗೆ ಬೆಳಗಾವಿಯ ಹಿಂದವಾಡಿಯಿಂದ ಬಂದಾಗ ನೀವು ಕೇಳಿದಿರಿ: "ಅಜ್ಜಿ, ಗಿರಣ್ಯಾಗಿನ ಈ ಹಳೇ ಟ್ಯೂಬ್‌ಲೈಟ್ ಮಿಣಕ್ ಮಿಣಕ್ ಅಂತೈತಿ. ಎಲ್‌ಇಡಿ ಹಾಕ್ಸೂಣು?" ನಾನು "ಇರ್ಲಿ ಬಿಡ್ರಿ" ಅಂದೆ, ಅಷ್ಟೇ. ಮಾತು ಬೆಳೆಸಲು ನನಗೆ ಬರುವುದಿಲ್ಲ. ಹಳ್ಳಿಯ ಸಾಲಿಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ, ಅದಕ್ಕೇ ಈ ಕಾಗದ. ಆ ಟ್ಯೂಬ್‌ಲೈಟಿನ ಕಥೆ ಹೇಳಬೇಕೆಂದರೆ ಮೇಸ್ತ್ರಿ ಅಣ್ಣನ ಕಥೆ ಹೇಳಬೇಕು. ಇದುವರೆಗೆ ನಿಮ್ಮ ಅವ್ವನ ಹೊರತು ಯಾರಿಗೂ ಹೇಳಿಲ್ಲ.

ಅಜ್ಜ ತೀರಿಹೋದ ಹದಿನೈದನೆಯ ದಿನಕ್ಕೇ ಮನೆಯಲ್ಲಿ ಸೇರಿದ ಬಂಧುಗಳು ಗಿರಣಿಯನ್ನು ಬೇರೆಯವರಿಗೆ ನಡೆಸಲು ಕೊಡುವ ಮಾತಾಡುತ್ತಿದ್ದರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಮೇಸ್ತ್ರಿ ಅಣ್ಣ ಅವತ್ತು ಬಂದಿದ್ದರು. ಎಲ್ಲರ ಮಾತು ಮುಗಿದ ಮೇಲೆ ಬಾಗಿಲ ಕಡೆ ತಿರುಗಿದರು.

"ತಂಗಿ, ಗಿರಣಿ ಯಾಕ ಕೊಡ್ತಿ? ಮೋಟಾರ್ ಏನ್ ಗಂಡಸರ ಮಾತಷ್ಟ ಕೇಳತೈತೇನು?"

ಯಾರೋ ನಕ್ಕರು. ನನಗೂ ನಗು ಬಂತು, ಅಜ್ಜ ಹೋದ ಮೇಲೆ ಮೊದಲ ಸಲ. ಸೆರಗು ಬಾಯಿಗೆ ಇಟ್ಟುಕೊಂಡೆ.

ಮುಂದಿನ ವಾರದಿಂದ ಅವರು ಪ್ರತಿ ಬುಧವಾರ ಬಸ್ಸಿನಲ್ಲಿ ಖಾನಾಪುರಕ್ಕೆ ಬಂದರು. ಸ್ಟಾರ್ಟರ್ ಹೇಗೆ ಒತ್ತಬೇಕು, ಬೆಲ್ಟು ಎಷ್ಟು ಬಿಗಿ ಇರಬೇಕು ಎಂದಷ್ಟೇ ಹೇಳಿ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಒಂದು ದಬ್ಬಳವನ್ನು ಬೆಂಡಿನ ತುಂಡಿಗೆ ನೆಟ್ಟು, ಅದರ ತುದಿಯ ಮೇಲೆ ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ ಕೂರಿಸಿದರು. ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ನನ್ನ ಕೈಗೆ ಕೊಟ್ಟರು.

"ಮುಚ್ಚಳಕ್ಕ ಹಚ್ಚ ನೋಡೂಣು. ಹತ್ತತೈತೇನು?"

"ಇಲ್ರಿ."

"ಈಗ ಮುಟ್ಟಸಬ್ಯಾಡ. ಅದರ ಮ್ಯಾಲ ಸನೇಕ ಹಿಡದ ಗರಾಗರಾ ತಿರುಗಸು."

ತಿರುಗಿಸಿದೆ. ಅಯಸ್ಕಾಂತಕ್ಕೆ ಅಂಟದ ಆ ಮುಚ್ಚಳ ಮೆಲ್ಲಗೆ ಅಲುಗಿ, ನನ್ನ ಕೈಯ ಬೆನ್ನು ಹತ್ತಿ ತಿರುಗಲು ಶುರು ಮಾಡಿತು. ಹೆದರಿ ಕೈ ಹಿಂದೆ ತೆಗೆದೆ. ಅವರು ತೊಡೆ ತಟ್ಟಿ ನಕ್ಕರು.

"ಇದ ನಿನ್ನ ಮೋಟಾರ್, ತಂಗಿ. ಹೊರಗ ಸುತ್ತಿದ ತಂತ್ಯಾಗ ಮೂರ್ ಫೇಜಿನ ಕರೆಂಟ್ ಒಂದರ ಹಿಂದ ಒಂದ ಹರೀತೈತಿ. ಅಯಸ್ಕಾಂತ ತಿರುಗಿದಂಗ ಆಗತೈತಿ, ಕಣ್ಣಿಗೆ ಕಾಣೂದಿಲ್ಲ. ಒಳಗ ತಿರುಗೂ ರೋಟರಿಗೆ ಯಾವ ತಂತಿನೂ ಹೋಗಿಲ್ಲ, ಬರೇ ಲೋಹದ ಸರಳು ಅದಾವ. ಆ ಸುತ್ತು ತನ್ನ ಸರಳ ದಾಟಿ ಹೋಗೂ ಹೊತ್ತಿಗೆ ರೋಟರಿನ್ಯಾಗ ತಾನ ಕರೆಂಟ್ ಹುಟ್ಟಿ, ಅದನ್ನ ಬೆನ್ನ ಹತ್ತತೈತಿ."

"ಮುಟ್ಟತೈತೇನ್ರಿ?" ಎಂದು ಕೇಳಿದೆ. ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಮುಟ್ಟೂದಿಲ್ಲ. ಮುಟ್ಟಿದ್ರ ಕೆಟ್ಟಿತು. ಸರಿಸಮ ಓಡಿದ್ರ ಸುತ್ತು ಸರಳ ದಾಟೂದಿಲ್ಲ, ಕರೆಂಟ್ ಹುಟ್ಟೂದಿಲ್ಲ, ಎಳಿಯೂ ಶಕ್ತಿನ ಇಲ್ಲ. ಸ್ವಲ್ಪ ಹಿಂದ ಬಿದ್ದಾಗಷ್ಟ ಅದು ದುಡೀತೈತಿ. ಭಾರ ಬಿದ್ದಷ್ಟು ಇನ್ನೊಂಚೂರು ಹಿಂದ ಬಿದ್ದು, ಇನ್ನೊಂಚೂರು ಜೋರ ಎಳೀತೈತಿ."

ಮುಂದಿನ ಬುಧವಾರ ದಿಕ್ಸೂಚಿ ತಂದರು. ಅದರ ಮುಳ್ಳಿನ ಮೇಲೆ ಅಯಸ್ಕಾಂತವನ್ನು ಜೋರಾಗಿ ತಿರುಗಿಸಿದರೆ ಮುಳ್ಳು ಗಡಗಡ ನಡುಗಿತೇ ಹೊರತು ಸುತ್ತಲಿಲ್ಲ. ನಿಧಾನವಾಗಿ ಶುರು ಮಾಡಿ ವೇಗ ಏರಿಸುತ್ತಾ ಹೋದಾಗ ಹೆಜ್ಜೆಗೆ ಹೆಜ್ಜೆ ಹಾಕಿ ತಿರುಗಿತು. ಒಂದು ಕೂದಲೆಳೆಯೂ ಹೆಚ್ಚು ಕಡಿಮೆ ಇಲ್ಲ. ಅದು ಇನ್ನೊಂದು ಜಾತಿಯ ಮೋಟಾರು, ಸಿಂಕ್ರೊನಸ್. ಅವರು ಹರೆಯದಲ್ಲಿ ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡಿದ್ದರಂತೆ. ಗಾಳಿ ಒತ್ತುವ ಯಂತ್ರಕ್ಕೆ ಅಂಥ ದೊಡ್ಡ ಮೋಟಾರು ಇತ್ತಂತೆ. ತಾನಾಗಿ ಅದು ಏಳುವುದಿಲ್ಲ. ಮೊದಲು ಇಂಡಕ್ಷನ್ ಮೋಟಾರಿನ ಹಾಗೆ ಓಡಿಸಿ, ವೇಗ ಬಂದ ಮೇಲೆ ಒಳಗಿನ ರೋಟರಿಗೆ ಬೇರೆ ಕರೆಂಟು ಕೊಟ್ಟರೆ ಗಕ್ಕನೆ ಹೆಜ್ಜೆ ಹಿಡಿಯುತ್ತಿತ್ತಂತೆ. ಆ 'ಗಕ್' ಅನ್ನುವಾಗ ಅವರ ಕಣ್ಣುಗಳು ಹೊಳೆಯುತ್ತಿದ್ದವು.

"ಭಾಳ ಶಿಸ್ತಿಂದು ತಂಗಿ ಅದು. ಭಾರ ಇರ್ಲಿ ಬಿಡ್ಲಿ ಒಂದ ವೇಗ. ಆದ್ರ ತಡೀಲಾರದಷ್ಟ ಭಾರ ಬಿತ್ತು, ಹೆಜ್ಜಿ ತಪ್ಪಿತು ಅಂದ್ರ ಮುಗೀತು, ನಿಂತ ಬಿಡತೈತಿ. ನಿನ್ನ ಇಂಡಕ್ಷನ್ ಹಂಗಲ್ಲ. ಬಟನ್ ಒತ್ತಿದ್ರ ಎದ್ದು, ಕುಂಟಕೋತ ತೆವಳಕೋತ ಆದ್ರೂ ಹೊಲಾ ಮುಗಸೂ ಎತ್ತು. ಗಡಿಯಾರಕ್ಕ ಅದು ಬೇಕು, ಗಿರಣಿಗೆ ಇದ ಬೇಕು."

ಕೊನೆಯ ಪಾಠ ಟ್ಯೂಬ್‌ಲೈಟಿನದು. ಮೋಟಾರು ನಿಲ್ಲಿಸಿ, ಅದರ ಗಾಲಿಯ ಮೇಲೆ ಸೀಮೆಸುಣ್ಣದಿಂದ ಒಂದೇ ಒಂದು ಗೆರೆ ಎಳೆಸಿದರು. ಬಾಗಿಲು ಮುಚ್ಚಿ ಟ್ಯೂಬ್‌ಲೈಟ್ ಹಚ್ಚಿ ಮೋಟಾರು ಶುರು ಮಾಡಿದರೆ, ಒಂದು ಗೆರೆ ಇದ್ದಲ್ಲಿ ನಾಲ್ಕು ಗೆರೆ ಕಂಡವು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಹೊತ್ತಿ ಆರುತ್ತದಂತೆ, ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ನಾಲ್ಕು ಸಲ ಹೊತ್ತುವುದರಿಂದ ಒಂದು ಗೆರೆ ನಾಲ್ಕಾಗಿ ಕಾಣುತ್ತದಂತೆ. ಮೋಟಾರು ತನ್ನ ಒಳಗಿನ ಸುತ್ತಿಗೆ ಸರಿಸಮ ಓಡಿದರೆ ಆ ನಾಲ್ಕೂ ಗೆರೆ ನಿಂತಲ್ಲೇ ನಿಲ್ಲುತ್ತಿದ್ದವು. ನಮ್ಮದರ ಗೆರೆಗಳು ಮೆಲ್ಲಗೆ ಹಿಂದೆ ಹಿಂದೆ ಸರಿಯುತ್ತಿದ್ದವು.

"ಒಂದ ಗೆರಿ ಮ್ಯಾಲ ಕಣ್ಣಿಡು. ನಿಮಿಷಕ್ಕ ಎಷ್ಟ ಸುತ್ತ ಹಿಂದ ಹೋಗತೈತಿ ಎಣಸು. ಅಷ್ಟ ಅದು ಹಿಂದ ಬಿದ್ದೈತಿ ಅಂತ ಅರ್ಥ."

ಖಾಲಿ ಓಡುವಾಗ ಆರು. ಜೋಳ ಬೀಸುವಾಗ ಇಪ್ಪತ್ತೆಂಟು. ಅಷ್ಟು ಕಡಿಮೆ ಹಿಂದೆ ಬೀಳುವುದಕ್ಕೆ ಕಾರಣ ನಮ್ಮ ರೋಟರಿನಲ್ಲಿದ್ದ ತಾಮ್ರದ ಸರಳುಗಳು ಎಂದರು. ಈಗಿನ ಚಿಕ್ಕ ಮೋಟಾರುಗಳಿಗೆಲ್ಲ ಅಲ್ಯೂಮಿನಿಯಂ ಎರಕ ಹೊಯ್ಯುತ್ತಾರಂತೆ. "ನಿನ್ನ ಗಂಡ ಬಂಗಾರ ತಂದಾನ. ಇಂಥಾದ್ದು ಇನ್ನ ಸಿಗೂದಿಲ್ಲ" ಎಂದು ಮೋಟಾರಿನ ಮೈಯನ್ನು ಹಿಂಗೈಯಿಂದ ಸವರಿದರು. ನಾನು ಆ ಎರಡು ಸಂಖ್ಯೆಗಳನ್ನು ಬಾಗಿಲ ಹಿಂದೆ ಬರೆದಿಟ್ಟೆ.

ಆರು ವರ್ಷ ಗಿರಣಿ ಚೆನ್ನಾಗಿ ನಡೆಯಿತು. ಅವರು ಬಂದಾಗಲೆಲ್ಲ ಚಹಾ, ಜೊತೆಗೆ ಖಾರದ ಚುರುಮುರಿ. ನನಗೆ ಅಣ್ಣ ತಮ್ಮಂದಿರಿಲ್ಲ. ನಾಗರ ಪಂಚಮಿಗೆ, ತವರಿನ ಅಣ್ಣನಿಗೆ ಕಳಿಸಿದಂತೆ, ಅವರ ಮನೆಗೆ ಉಂಡಿ ಕಳಿಸುತ್ತಿದ್ದೆ.

ಒಂದು ವರ್ಷ ದಸರೆಗೆ ಮುಂಚೆ ಮೋಟಾರಿನ ಬೇರಿಂಗು ಸದ್ದು ಮಾಡಲು ಹತ್ತಿತು. ಅವರೇ ಟೆಂಪೊ ತಂದು ಬೆಳಗಾವಿಗೆ ಒಯ್ದರು. ಎಂಟು ದಿನಕ್ಕೆ ತಿರುಗಿ ತಂದು ಕೂರಿಸಿದರು. ಮೈಗೆಲ್ಲ ಹೊಸ ಹಸಿರು ಬಣ್ಣ ಬಳಿದಿದ್ದರು. "ಮದುಮಗಳ ಕಂಡಂಗ ಕಾಣತೈತಿ" ಅಂದೆ. ಅವತ್ತು ಅವರು ನಗಲಿಲ್ಲ, ಬಸ್ಸಿಗೆ ತಡವಾಯಿತೆಂದು ಹೋದರು.

ದೀಪಾವಳಿಯ ಮುಂಚಿನ ವಾರ ಕಡಲೆಬೇಳೆ ಬೀಸಿಸಲು ಬೀದಿಯ ತನಕ ಸಾಲು. ಹತ್ತು ಡಬ್ಬಿ ಮುಗಿಯುವಷ್ಟರಲ್ಲಿ ಮೋಟಾರು ಕಾದು, ಸ್ಟಾರ್ಟರ್ ಬಿದ್ದು ನಿಂತುಬಿಡುತ್ತಿತ್ತು. ತಣ್ಣಗಾಗಲು ಬಿಟ್ಟು ಮತ್ತೆ ಒತ್ತಿದರೆ ಮತ್ತೆ ಹಾಗೇ. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಅಕ್ಕಾರ, ನಿಮ್ಮ ಹಿಟ್ಟ ಬರೂದ್ರಾಗ ಹೋಳಿ ಹುಣ್ಣಿವಿ ಬರತೈತಿ ನೋಡ್ರಿ" ಅಂದಳು. ಎಲ್ಲರೂ ನಕ್ಕರು. ನಾನು ಬೆಳಗಾವಿಗೆ ಫೋನು ಮಾಡಿದೆ.

ಮೇಸ್ತ್ರಿ ಅಣ್ಣ ಮಧ್ಯಾಹ್ನಕ್ಕೆ ಬಂದರು. ಮೋಟಾರಿನ ಮೇಲೆ ಹಿಂಗೈ ಇಟ್ಟರು, ತೆಗೆದರು. ಸಾಲಿನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

"ಮೋಟಾರಿನ್ಯಾಗ ಏನೂ ಇಲ್ಲ. ಹೆಣ್ಣಮಗಳು, ಗದ್ದಲಾ ನೋಡಿ ಗಾಬರಿ ಆಗ್ಯಾಳ. ಕಾಳು ಒಮ್ಮಿಗೇ ಸುರವಿದ್ರ ಯಾವ ಮೋಟಾರ್ ತಡೀತೈತಿ? ತಂಗಿ, ಕೈ ಹಿಡದ ಹಾಕು."

ಇಪ್ಪತ್ತು ಜನರ ಮುಂದೆ ಹಾಗೆ ಹೇಳಿದರು. ನಾನು ತಲೆ ತಗ್ಗಿಸಿ "ಹೂಂ ಅಣ್ಣಾ" ಅಂದೆ. ಒಳಗೆ ಹೋಗಿ ಅವರಿಗೆ ಚಹಾ ಮಾಡಿ ತಂದೆ. ಆ ಚಹಾ ನೆನಪಾದರೆ ಈಗಲೂ ಮೈ ಉರಿಯುತ್ತದೆ, ಮಕ್ಕಳೇ.

ಮರುದಿನದಿಂದ ಗಿರಾಕಿಗಳು ತಾವೇ ಕಾಳು ಸುರಿಯಲು ಬಂದರು. "ಸರೀರಿ ಅಕ್ಕಾರ, ನಿಮಗ ತಿಳಿಯೂದಿಲ್ಲ" ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದೆ. ಆರು ವರ್ಷ ನಡೆಸಿದ ಕೈಯ ಮೇಲೆ ನನಗೇ ನಂಬಿಕೆ ಹೋಯಿತು. ಗಿರಣಿಯನ್ನು ನಡೆಸಲು ಬೇರೊಬ್ಬರಿಗೆ ಕೊಡುವುದು ಎಂದು ಗೊತ್ತು ಮಾಡಿದೆ. ನಡೆಸಲು ಒಪ್ಪಿದವರು ಮುಂದಿನ ಸೋಮವಾರ ಕರಾರಿನ ಕಾಗದ ತರುವುದಿತ್ತು.

ರವಿವಾರ ಬೆಳಿಗ್ಗೆ ಗಿರಣಿ ಗುಡಿಸುವಾಗ ಬಾಗಿಲ ಹಿಂದಿನ ಸಂಖ್ಯೆಗಳು ಕಂಡವು. ಆರು, ಇಪ್ಪತ್ತೆಂಟು. ಬಾಗಿಲು ಮುಚ್ಚಿದೆ. ಗಾಲಿಯ ಮೇಲೆ ಗೆರೆ ಎಳೆದೆ. ಟ್ಯೂಬ್‌ಲೈಟ್ ಹಚ್ಚಿ, ಬೋರ್ಡಿನ ವೋಲ್ಟೇಜು ಸರಿ ಇದೆಯೇ ನೋಡಿ, ಗುಂಡಿ ಒತ್ತಿದೆ. ಖಾಲಿ ಓಡುವಾಗಲೇ ಹದಿನಾಲ್ಕು. ಜೋಳ ಹಾಕಿದೆ, ಅಜ್ಜನ ಅಳತೆಯ ಸೇರಿನಿಂದ, ಎಂದಿನಷ್ಟೇ. ಅರವತ್ತೊಂದು. ತಪ್ಪಿರಬಹುದೆಂದು ಮತ್ತೆ ಎಣಿಸಿದೆ. ಅರವತ್ತು. ಮೂರನೆಯ ಸಲವೂ ಅರವತ್ತೊಂದು. ಖಾಲಿ ಓಡುವಾಗ ನಾನು ಯಾವ ಕಾಳನ್ನು ಹೆಚ್ಚು ಸುರಿದಿದ್ದೆ?

ನಿಮ್ಮ ಅವ್ವನನ್ನು ಕರೆಸಿದೆ. ಮೇನ್ ಸ್ವಿಚ್ ಆರಿಸಿ, ಇಬ್ಬರೂ ಸೇರಿ ಮೋಟಾರಿನ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿದೆವು. ಅವಳು ಮೊಬೈಲಿನ ಬೆಳಕು ಹಿಡಿದಳು. ರೋಟರಿನ ತುದಿಯ ಬಳೆ ಕೆಂಪಗೆ ಇರಬೇಕಿತ್ತು. ಬೂದಿಯ ಹಾಗೆ ಬಿಳಿಚಿಕೊಂಡಿತ್ತು. ಅಲ್ಯೂಮಿನಿಯಂ. ಅದರ ಮೇಲೆ ಒಂದು ಬಿರುಕೂ ಇತ್ತು.

"ಅವ್ವಾ, ಇದು ನಮ್ದಲ್ಲ" ಅಂದಳು.

ಸೋಮವಾರ ಕಾಗದ ತಂದವರನ್ನು ಹಿಂದಕ್ಕೆ ಕಳಿಸಿ ಬೆಳಗಾವಿಯ ಬಸ್ಸು ಹತ್ತಿದೆ. ಒಬ್ಬಳೇ. ಅಂಗಡಿಯಲ್ಲಿ ಮೇಸ್ತ್ರಿ ಅಣ್ಣ ತಂತಿ ಸುತ್ತುತ್ತಿದ್ದರು. "ಬಾ ತಂಗಿ, ಕುಂದರು" ಅಂದರು. ನಾನು ಕೂರಲಿಲ್ಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತು ಹೋಯಿತು.

"ಅರವತ್ತೊಂದು" ಅಂದೆ.

ಅವರ ಕೈ ನಿಂತಿತು. ತಂತಿಯ ಸುರುಳಿ ಕೆಳಗಿಟ್ಟು ಕೇಳಿದರು: "ನೀ ಎಣಸಿದಿ?"

"ಮೂರ್ ಸಲ."

"ಪೀರನವಾಡ್ಯಾಗ ಅಳಿಯಾ ಗಿರಣಿ ಹಾಕ್ಯಾನ. ಅಂವಗ ಮೋಟಾರ್ ಸರಿ ಇರ್ಲಿಲ್ಲ. ಮಗಳ ಬಾಳೇದ ಮಾತು..." ತಲೆ ಎತ್ತಲಿಲ್ಲ. "ನಿನ್ನ ರೋಟರಿನ ಶಾಫ್ಟ್ ಕಡದು ಅಂವನ ಮೋಟಾರಿನ್ಯಾಗ ಕೂಡಸೇನಿ. ಇನ್ನ ಅದು ನಿನ್ನ ಮೋಟಾರಿಗೆ ಬರೂದಿಲ್ಲ."

"ನನ್ನ ಕೇಳಬೇಕಿತ್ತಲ್ಲ ಅಣ್ಣಾ."

ಆಗ ಅವರು ಹೇಳಿದ ಮಾತು ರೋಟರಿಗಿಂತ ಹೆಚ್ಚು ನೋಯಿಸಿತು. ಬೇಕೆಂದು ಹೇಳಿದ್ದಲ್ಲ, ಬಾಯಿ ತಪ್ಪಿ ಬಂತು. "ನೀ ಎಣಸ್ತಿ ಅಂತ ನನಗ ಅನಸಿರ್ಲಿಲ್ಲ, ತಂಗಿ."

ಅಂದರೆ ಆ ಬುಧವಾರಗಳೆಲ್ಲ ಏನಾಗಿದ್ದವು? ದಬ್ಬಳ, ಮುಚ್ಚಳ, ದಿಕ್ಸೂಚಿ? ಗಂಡ ಸತ್ತ ಹೆಂಗಸಿನ ದುಃಖ ಮರೆಸಲು ತೋರಿಸಿದ ಆಟವೇ? ನಾನು ಕಲಿಯುತ್ತಿದ್ದೇನೆಂದು ತಿಳಿದಿದ್ದವಳು ನಾನೊಬ್ಬಳೇ ಆಗಿದ್ದೆನೇ?

ಮೂರು ದಿನಕ್ಕೆ ಅವರು ಬಿರುಕಿಲ್ಲದ ಬೇರೆ ರೋಟರ್ ತಂದರು. ಅದೂ ಅಲ್ಯೂಮಿನಿಯಂ, ಆದರೆ ಗಟ್ಟಿ. ಗಿರಣಿಯಲ್ಲೇ, ನನ್ನ ಕಣ್ಣೆದುರಿಗೇ ಕೂರಿಸಬೇಕೆಂದು ನಾನು ಹೇಳಿ ಕಳಿಸಿದ್ದೆ. ಅವತ್ತು ಗಿರಣಿಗೆ ರಜೆ, ಗಿರಾಕಿಗಳು ಯಾರೂ ಇರಲಿಲ್ಲ. ಕೆಲಸ ಮುಗಿದ ಮೇಲೆ ನಾನು ಗೆರೆ ಎಳೆದು, ಜೋಳ ಹಾಕಿ ಎಣಿಸಿದೆ.

"ಎಷ್ಟ?" ಅಂದರು.

"ಮೂವತ್ತೊಂಬತ್ತು."

ತಲೆ ಆಡಿಸಿದರು. ಸಾಮಾನು ಚೀಲಕ್ಕೆ ತುಂಬಿದರು. ಒಂದು ಗಳಿಗೆ ಕಟ್ಟೆಯ ಮೇಲೆ ಕೂತರು, ಎಂದೂ ಚಹಾಕ್ಕೆ ಕೂರುವ ಜಾಗದಲ್ಲೇ. ನಾನು ಒಳಗೆ ಹೋಗಲಿಲ್ಲ. ನಮ್ಮ ಕಡೆ ಮನೆಗೆ ಬಂದವರು ವೈರಿಯಾದರೂ ಒಂದು ಕಪ್ ಚಹಾ ಕುಡಿಯದೆ ಹೋಗುವುದಿಲ್ಲ. ಅವರು ಎದ್ದು ಹೋದರು. ಮತ್ತೆ ಬರಲಿಲ್ಲ.

ಎರಡು ವರ್ಷದ ಹಿಂದೆ ತೀರಿಕೊಂಡರು. ಪೀರನವಾಡಿಯಲ್ಲಿ, ಮಗಳ ಮನೆಯಲ್ಲೇ. ನಾನು ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಆ ಮಗಳು ನನ್ನ ಕೈ ಹಿಡಿದುಕೊಂಡು ಅತ್ತಳು. "ಖಾನಾಪುರದ ಅಕ್ಕಾರ ಅಂದ್ರ ನೀವ ಏನ್ರಿ? ಅಪ್ಪಾ ಕಡೀಕ ಭಾಳ ಹೇಳ್ತಿದ್ರು. ಎಷ್ಟೋ ಮಂದಿ ಗಂಡಸರಿಗೆ ಕಲಸೇನಿ, ಖರೇ ಕಲ್ತಾಕಿ ಆಕಿ ಒಬ್ಬಾಕಿನ ಅಂತಿದ್ರು."

ಗೋಡೆಯ ಆಚೆ ಅವರ ಗಿರಣಿ ಓಡುತ್ತಿತ್ತು. ಸದ್ದು ಕೇಳಿಯೇ ತಿಳಿಯಿತು, ಅದರ ಒಳಗೆ ತಿರುಗುತ್ತಿರುವುದು ನಿಮ್ಮ ಅಜ್ಜ ತಂದದ್ದು. ಅವಳಿಗೆ ಏನೂ ಗೊತ್ತಿರಲಿಲ್ಲ. ಚಹಾ ತಂದಳು. ಕುಡಿದೆ.

ಕಲಿಸಿದ್ದು ಅವರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಈ ಗಿರಣಿ ಇವತ್ತಿಗೂ ನನ್ನ ಕೈಯಲ್ಲಿರುವುದು ಅವರು ಎಳೆಸಿದ ಆ ಒಂದು ಗೆರೆಯಿಂದ. ಆದರೆ ಸಾಯುವಾಗ ಮಗಳ ಮುಂದೆ ಹೇಳಿದ ಮಾತನ್ನು ಅವರು ಆ ದೀಪಾವಳಿಯ ಸಾಲಿನ ಮುಂದೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಇಂದಿಗೂ ಹಬ್ಬದ ಹೊತ್ತಿಗೆ ಯಾರಾದರೂ ಒಬ್ಬರು, "ಅಕ್ಕಾರ, ಅವತ್ತಿನಂಗ ಒಮ್ಮಿಗೇ ಸುರವಿ ಮೋಟಾರ್ ಕಾಸಬ್ಯಾಡ್ರಿ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಸತ್ತವರ ಮೇಲೆ ಬೀದಿಯಲ್ಲಿ ನಿಂತು ದೂರು ಹೇಳಲು ನನ್ನಿಂದಾಗದು.

ಅದಕ್ಕೇ ಆ ಟ್ಯೂಬ್‌ಲೈಟು ತೆಗೆಯಬೇಡಿ. ಎಲ್‌ಇಡಿಯ ಬೆಳಕಿನಲ್ಲಿ ಗೆರೆ ಹೀಗೆ ಕಾಣುವುದಿಲ್ಲ, ನಾನು ಹಾಕಿಸಿ ನೋಡಿದ್ದೇನೆ. ಮುಂದಿನ ರಜೆಗೆ ಬಂದಾಗ ಬಾಗಿಲ ಹಿಂದೆ ನೋಡಿ, ಎಲ್ಲ ಸಂಖ್ಯೆಗಳೂ ಅಲ್ಲಿವೆ. ಸೀಮೆಸುಣ್ಣ ಕೊಡುತ್ತೇನೆ, ಸೇರು ಕೊಡುತ್ತೇನೆ, ನೀವೇ ಎಣಿಸಿ. ನೀವಾದರೂ ತಿಳಿದಿರಿ: ಆ ವರ್ಷ ನಾನು ಕಾಳು ಹೆಚ್ಚು ಸುರಿದಿರಲಿಲ್ಲ.