ಹನ್ನೊಂದನೆಯ ಸೂಜಿ

ತೊಮಿಯಜ್ಜಿ ಸೂಜಿಗಳನ್ನು ಮೂರನೆಯ ಸಲ ಎಣಿಸಿದಳು. ಹತ್ತು. ಸೂಜಿಮೆತ್ತೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೂ ಬೆರಳಿಂದ ಮುಟ್ಟಿ ನಾಲ್ಕನೆಯ ಸಲ ಎಣಿಸಿದರೂ ಹತ್ತೇ. ಹನ್ನೊಂದಿರಬೇಕಿತ್ತು. ಇನಾತೋರಿ ಬಂದರಿನ ಶಿಶುವಿಹಾರದಲ್ಲಿ ಆಗ ಮಧ್ಯಾಹ್ನ ಮೂರೂವರೆ. ಐದು ವರ್ಷದ ಹತ್ತು ಮಕ್ಕಳು ಚಾಪೆಯ ಮೇಲೆ ಬರಿಗಾಲಲ್ಲಿ ಕೂತು, ತಾವು ಮಾಡಿದ ಬಟ್ಟೆಗೊಂಬೆಗಳನ್ನು ಒಬ್ಬರ ಮೂಗಿಗೊಬ್ಬರು ಒತ್ತುತ್ತಿದ್ದರು.

"ಟೀಚರ್, ಒಂದು ಸೂಜಿ ಇಲ್ಲ" ಎಂದಳು ಅಜ್ಜಿ.

ಕುಗಾ ಟೀಚರ್ ಮರುಪ್ರಶ್ನೆ ಕೇಳಲಿಲ್ಲ. ಯಾರೂ ಏಳಬಾರದು ಎಂದು ಮಕ್ಕಳಿಗೆ ಹೇಳಿ, ಒಬ್ಬೊಬ್ಬರನ್ನೇ ಎತ್ತಿ, ಬಟ್ಟೆ ಕೊಡವಿ, ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು. ಬೋರ್ಡಿಗೆ ಕಾಗದ ಅಂಟಿಸುವ ಅಯಸ್ಕಾಂತ ತೆಗೆದು ಚಾಪೆಯ ಸಂದುಗೊಂದಿನಲ್ಲೆಲ್ಲ ಉಜ್ಜಿದಳು. ಮಕ್ಕಳ ಗೊಂಬೆಗಳ ಮೇಲೂ ಸವರಿದಳು: ಮೊಲ, ಪಾರಿವಾಳ, ಕೆಂಪು ಮೆಣಸಿನಕಾಯಿ, ಅಂಬೆಗಾಲಿಕ್ಕುವ ಪಾಪು, ಹೀಗೆ ಹತ್ತು. ಒಂದರಲ್ಲೂ ಏನೂ ಸಿಗಲಿಲ್ಲ. ಹೆಣ್ಣುಮಕ್ಕಳ ಗೊಂಬೆಹಬ್ಬಕ್ಕೆ ತೂಗುಹಾಕಲು ಒಂದು ದಾರಕ್ಕೆ ಹನ್ನೊಂದು ಗೊಂಬೆ ಪೋಣಿಸುವುದು ನಮ್ಮೂರ ಲೆಕ್ಕ. ಹನ್ನೊಂದನೆಯದು ಬಟ್ಟೆಯ ಪೀಚ್ ಹಣ್ಣು. ಅದನ್ನು ಮಾಡಿದ ಸುಜು ಎಂಬ ಹುಡುಗಿ ಒಂದು ಗಂಟೆ ಮುಂಚೆಯೇ ತಾತನ ಜೊತೆ ಮನೆಗೆ ಹೋಗಿದ್ದಳು. ತಂಗಿಗೆ ತೋರಿಸಿ ನಾಳೆ ತರುತ್ತೇನೆಂದು ಗೋಗರೆದು ಹಣ್ಣನ್ನೂ ಒಯ್ದಿದ್ದಳು.

ತಂಗಿಗೆ ಎಂಟು ತಿಂಗಳು. ಮಾರ್ಚ್ ಮೂರಕ್ಕೆ ಅದರ ಮೊದಲ ಗೊಂಬೆಹಬ್ಬ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಅದು.

ಟೀಚರ್ ಸುಜುವಿನ ಮನೆಗೆ ಫೋನ್ ಹಚ್ಚಿದಳು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಅಜ್ಜಿ ಮೆತ್ತೆಯನ್ನೂ ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಿದ್ದಳು.

ಎಪ್ಪತ್ತೇಳು ವರ್ಷದ ಹೆಂಗಸು ಸುಜುವಿನ ಮನೆಗೆ ಹೋಗುವ ಮೆಟ್ಟಿಲ ಏರು ಹತ್ತಿದ್ದನ್ನು ನೋಡಿದವರಿದ್ದಾರೆ. ಮೆಟ್ಟಿಲಿನ ಅಂಚು ಸರಿಯಾಗಿ ಕಾಣದೆ ಎರಡು ಕಡೆ ಎಡವಿದಳು. ಅವಳಿಗೆ ಕಣ್ಣು ಕಾಣದು ಎಂಬುದು ಊರಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಯಾವುದನ್ನು ನೆಟ್ಟು ನೋಡಿದರೂ ಅದರ ನಡುಭಾಗವೇ ಮಾಯ. ಸುತ್ತಲಿನದು ಮಾತ್ರ ಮಸುಕಾಗಿ ಉಳಿಯುತ್ತಿತ್ತು. ಇನ್ನು ವಾಸಿಯಾಗದು ಎಂದು ಡಾಕ್ಟರು ಹೇಳಿದ್ದನ್ನು ಅವಳು ನುಂಗಿಕೊಂಡು ಕೂತಿದ್ದಳು. ಮಕ್ಕಳನ್ನು ದನಿಯಿಂದ ಗುರುತಿಸುತ್ತಿದ್ದಳು, ಹೊಲಿಗೆಯನ್ನು ಬೆರಳಿಂದ. ಯಾಕೆ ಮುಚ್ಚಿಟ್ಟಳು ಅಂದರೆ, ಮಗಳು ಮದುವೆಯಾಗಿ ಹೋಗಿ, ಗಂಡ ತೀರಿಹೋದ ಮೇಲೆ ಅವಳಿಗಿದ್ದದ್ದು ಆ ಶಿಶುವಿಹಾರವೊಂದೇ. ಕಣ್ಣಿಲ್ಲದ ಮುದುಕಿಯ ಕೈಗೆ ಸೂಜಿಯನ್ನೂ ಮಕ್ಕಳನ್ನೂ ಒಟ್ಟಿಗೆ ಯಾರು ಕೊಡುತ್ತಾರೆ, ಹೇಳಿ?

ಸೂಜಿಯ ವಿಷಯದಲ್ಲಿ ಅವಳ ಹೆಸರು ದೊಡ್ಡದು. ಕಿತ್ತಳೆ ಬೆಳೆಯುವ ಗುಡ್ಡದಿಂದ ಇಪ್ಪತ್ತೊಂದಕ್ಕೆ ಮೀನುಗಾರರ ಮನೆಗೆ ಸೊಸೆಯಾಗಿ ಬಂದವಳು. ಅತ್ತೆ ಶಿಗೆನೊ ಮಹಾ ಗಟ್ಟಿ ಹೆಂಗಸು. ಹೊಲಿಗೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸೂಜಿ ಎಣಿಸಬೇಕು. ಒಂದು ಕಮ್ಮಿಯಾದರೂ ಮನೆಯಲ್ಲಿ ಯಾರೂ ಬೆನ್ನು ನೆಲಕ್ಕೆ ಹಚ್ಚುವಂತಿಲ್ಲ. ಸಮುದ್ರದಿಂದ ಬಂದ ಗಂಡಸರನ್ನೂ ಆಕೆ ನಿಲ್ಲಿಸಿ ಹುಡುಕಿಸಿದ್ದುಂಟು. ಸೊಸೆ ತೊಮಿಯೊ ಹಗಲೆಲ್ಲ ಮೀನಿನ ಶೆಡ್ಡಿನಲ್ಲಿ ಹುರುಪೆ ಕೆರೆದು, ಸಂಜೆ ಹಳೆ ಕಿಮೊನೊ ಚೂರುಗಳಲ್ಲಿ ಮಗಳಿಗಾಗಿ ನೂರಹತ್ತು ಗೊಂಬೆ ಹೊಲಿದಳು. ಮಗಳಿಗೆ ಇಪ್ಪತ್ತು ತುಂಬಿದ ಜನವರಿಯಲ್ಲಿ ಅವಳು ದೊಡ್ಡವಳಾದಳೆಂದು ಅವನ್ನೆಲ್ಲ ಪದ್ಧತಿಯಂತೆ ಬೆಂಕಿಗೆ ಒಪ್ಪಿಸಿ, ಮನೆಗೆ ಬಂದು ಊಟ ಬಿಟ್ಟು ಅತ್ತಳು. ಆದರೆ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸೂಜಿಯನ್ನೂ ಕಳೆದವಳಲ್ಲ.

ಇವತ್ತು ಫೆಬ್ರವರಿ ಎಂಟು. ಸೂಜಿಗೆ ರಜೆಯ ದಿನ. ಊರಲ್ಲಿ ಯಾರೂ ಹೊಲಿಯುವುದಿಲ್ಲ. ವರ್ಷವಿಡೀ ದುಡಿದು ಮುರಿದ ಸೂಜಿಗಳನ್ನು ಗುಡಿಗೆ ಒಯ್ದು, ಮೆತ್ತಗಿನ ಸೋಯಾ ಗಿಣ್ಣಿನ ಹಲಗೆಯಂಥ ಗಡ್ಡೆಯಲ್ಲಿ ಚುಚ್ಚಿ ಕೈಮುಗಿಯುತ್ತಾರೆ. ಅಜ್ಜಿಯೂ ಬೆಳಿಗ್ಗೆ ಹೋಗಿದ್ದಳು. ಅವಳ ಪೊಟ್ಟಣದಲ್ಲಿ ನಾಲ್ಕಿದ್ದವು, ಮೂರು ಮುರಿದದ್ದು, ಒಂದು ಬಾಗಿದ್ದು. ಸಮುದ್ರದ ಗಾಳಿಗೆ ಬೆರಳು ಮರಗಟ್ಟಿದ್ದವು. ಮೂರು ಚುಚ್ಚಿದ ಮೇಲೆ ನಾಲ್ಕನೆಯದು ಸಿಗದೆ ಚೀಲದಲ್ಲೆಲ್ಲ ತಡಕಾಡಿ, ಅಂತೂ ಸಿಕ್ಕಿತೆಂದು ಅದನ್ನೂ ಚುಚ್ಚಿ ಬಂದಳು. ಮಕ್ಕಳಿಗೆ ಜ್ವರ ಬಂದು ಎರಡು ವಾರ ಹೊಲಿಗೆಯ ಕೆಲಸ ನಿಂತಿತ್ತು, ಹಬ್ಬ ಹತ್ತಿರವಾಗಿತ್ತು. ಮಕ್ಕಳ ಮೇಲೆ ಸೂಜಿ ಕೋಪಿಸಿಕೊಳ್ಳುವುದಿಲ್ಲ ಬಿಡಿ ಎಂದು ಟೀಚರಿಗೆ ಹೇಳಿ, ರಜೆಯ ದಿನವಾದರೂ ಹೊಲಿಗೆಗೆ ಕೂರಿಸಿದವಳು ತಾನೇ. ಕೋಪಿಸಿಕೊಂಡಿತು ಎಂದುಕೊಳ್ಳುತ್ತ ಏರು ಹತ್ತಿದಳು.

ಸುಜುವಿನ ಮನೆಯ ಬಾಗಿಲನ್ನು ಸರಿಸಿ ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದಳು. ಜೀವಮಾನದಲ್ಲಿ ಮಾಡಿರದ ಕೆಲಸ. ಮಗು ಮಲಗಿದ್ದಾಗ ಮನೆಯ ಫೋನಿನ ದನಿ ಅಡಗಿಸಿದ್ದ ತಾಯಿ ಅಯಾನೊ ಬಟ್ಟೆ ಮಡಿಸುತ್ತಿದ್ದಳು. ಎದ್ದ ಮಗು ನೆಲದ ಮೇಲೆ ಕೂತು ಗುಲಾಬಿ ಬಣ್ಣದ ಹಣ್ಣನ್ನು ಒಸಡಲ್ಲಿ ಕಚ್ಚಿ ಜೊಲ್ಲು ಸುರಿಸುತ್ತಿತ್ತು.

ಅಜ್ಜಿ ಅದನ್ನು ಕಿತ್ತುಕೊಂಡಳು. ಮಗು ಕಿರುಚಿತು. ಅಯಾನೊ ಏನು ಎತ್ತ ಎನ್ನುವಷ್ಟರಲ್ಲಿ ಕತ್ತರಿ ಹಣ್ಣಿನ ಹೊಟ್ಟೆ ಸೀಳಿತ್ತು. ಮಗುವಿಗೆಂದು ಹರಸಿ ಹಾಕಿದ ಹೊಲಿಗೆಯನ್ನು ನಮ್ಮೂರಲ್ಲಿ ಯಾರೂ ಬಿಚ್ಚುವುದಿಲ್ಲ. ಸುಜು "ಅದು ನನ್ನದು!" ಎಂದು ಅಜ್ಜಿಯ ತೋಳಿಗೆ ಜೋತುಬಿದ್ದಳು. ಅಜ್ಜಿ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ ಬೆರಳಲ್ಲಿ ಉಜ್ಜಿದಳು. ಮೇಲಿನ ಬಟ್ಟೆಯನ್ನು ತಿರುವಿದಳು. ಸೂಜಿ ಇರಲಿಲ್ಲ.

"ಒಂದು ಸೂಜಿ ಕಳೆದಿದೆ, ಇದ್ರಲ್ಲೂ ಇಲ್ಲ" ಎಂದಳು. ಹಣ್ಣಿನಲ್ಲಿ ಇಲ್ಲವೆಂದರೆ ಎಲ್ಲಿ? ಅಯಾನೊಗೂ ಅದೇ ಹೊಳೆದು, ಮಗುವಿನ ಬಾಯೊಳಗೆ ಬೆರಳಿಟ್ಟು ನೋಡಿದಳು. ಏನೂ ಕಾಣಲಿಲ್ಲ, ಮಗುವಿನ ಅಳುವೂ ನಿಲ್ಲಲಿಲ್ಲ. ತಾತ ಕಾರು ತೆಗೆದ. ದೊಡ್ಡಾಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಅಯಾನೊ ಹೋಗುವಾಗ ಅಜ್ಜಿಯ ಕಡೆ ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಉಳಿದವರು ಸುಜು ಮತ್ತು ಅವಳಜ್ಜಿ ಸಾಯೊ. ಸಾಯೊ ಮೀನಿನ ಶೆಡ್ಡಿನಲ್ಲಿ ಮೂವತ್ತು ವರ್ಷ ತೊಮಿಯೊಳ ಪಕ್ಕ ನಿಂತು ಕೆಲಸ ಮಾಡಿದವಳು. ಇವಳ ಉಸಿರಿನ ಗುರುತೂ ಅವಳಿಗುಂಟು.

"ಮಕ್ಕಳನ್ನ ಹೊಲಿಯೋಕೆ ಕೂರಿಸೋ ಮುಂಚೆ ಎಣಿಸಿದ್ಯೇನೇ?" ಎಂದಳು.

ಮಕ್ಕಳು ಮೂರು ಮೂರಾಗಿ ತೊಮಿಯಜ್ಜಿಯ ಪಕ್ಕಕ್ಕೆ ಬಂದು ಹೊಲಿದು ಎದ್ದುಹೋಗುತ್ತಿದ್ದರಿಂದ ಒಂದು ಸೂಜಿ ಕಮ್ಮಿಯಿದ್ದರೂ ಗೊತ್ತಾಗುವಂತಿರಲಿಲ್ಲ.

"ಟೀಚರಿಗೆ ಹನ್ನೊಂದು ಅಂತ ಹೇಳ್ದೆ" ಎಂದಳು ತೊಮಿಯಜ್ಜಿ. "ಎಣಿಸ್ಲಿಲ್ಲ."

ಹೇಳುತ್ತಿದ್ದಂತೆ ಬೆಳಗಿನ ತಡಕಾಟ ನೆನಪಾಯಿತು. ಮೆತ್ತೆಯೂ ಆ ಚೀಲದಲ್ಲೇ ಇತ್ತಲ್ಲ! ಸಾಯೊಳ ಕೈ ಹಿಡಿದು ಎಳೆದುಕೊಂಡೇ ಗುಡಿಗೆ ಇಳಿದಳು. ಹರಿದ ಹಣ್ಣನ್ನು ಎದೆಗವಚಿಕೊಂಡು ಸುಜು ಹಿಂದೆ ಓಡಿದಳು.

ಸೋಯಾ ಗಿಣ್ಣಿನ ಬಿಳಿಯ ಹಲಗೆ ಅಲ್ಲೇ ಇತ್ತು, ಮೈತುಂಬ ಊರ ಸೂಜಿಗಳು. ಬೆಳಿಗ್ಗೆ ಮೂಲೆಯಲ್ಲಿ ಚುಚ್ಚಿದ್ದೆ ಎಂದು ಅಜ್ಜಿ ತೋರಿಸಿದಳು. ಸಾಯೊ ಬಗ್ಗಿ ನೋಡಿದಳು. ಮೂರು ಮುರುಕಲು, ಪಕ್ಕದಲ್ಲಿ ನೆಟ್ಟಗಿನ ದಪ್ಪ ಸೂಜಿಯೊಂದು. ಮಕ್ಕಳ ಸೂಜಿ ಬೇರೆ ಸೂಜಿಗಳಲ್ಲಿ ಬೆರೆಯಬಾರದೆಂದು ಶಿಶುವಿಹಾರದಲ್ಲಿ ಅದರ ತಲೆಗೆ ಕೆಂಪು ಬಣ್ಣ ಹಚ್ಚಿರುತ್ತಾರೆ. ಇದರ ತಲೆಯೂ ಕೆಂಪಾಗಿತ್ತು.

ಸಾಯೊ ಮೊದಲು ಸೊಸೆಯ ಮೊಬೈಲಿಗೆ ಫೋನ್ ಮಾಡಿ, ಸೂಜಿ ಸಿಕ್ಕಿತು, ಮಗುವಿಗೇನೂ ಆಗಿಲ್ಲ, ತಿರುಗಿ ಬನ್ನಿ ಎಂದಳು. ಆಮೇಲೆ ಗೆಳತಿಯ ಕಡೆ ತಿರುಗಿದಳು.

"ಇಷ್ಟು ಕೆಂಪು ಕಾಣ್ಲಿಲ್ವಾ ನಿಂಗೆ?"

ತೊಮಿಯಜ್ಜಿ ಚೀಲಕ್ಕೆ ಕೈಹಾಕಿದಳು. ಚೀಲದ ಮೂಲೆಯಲ್ಲಿ ಬಾಗಿದ ಸೂಜಿ ಈಗ ಬೆರಳಿಗೆ ಸಿಕ್ಕಿತು. ಅದನ್ನು ಹಲಗೆಗೆ ಚುಚ್ಚಿ, ಕೆಂಪು ತಲೆಯದನ್ನು ಎಳೆದುಕೊಂಡಳು.

"ಚಾಪೆ ಸಂದೀಲಿ ಸಿಕ್ತು ಅನ್ನು" ಎಂದಳು ಸಾಯೊ ಮೆಲ್ಲಗೆ. "ಸೊಸೆಗೆ ನಾನು ಹೇಳ್ಕೋತೀನಿ. ನಾನೇನೂ ನೋಡಿಲ್ಲ."

ತೊಮಿಯಜ್ಜಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳು. ಶಿಶುವಿಹಾರದವರೆಗೂ ಆ ಒಂದು ವಾಕ್ಯವನ್ನೇ ಬಾಯಲ್ಲಿ ಆಡಿಸುತ್ತ ನಡೆದಳು. ಹೊರಗೆ ತಾಯಂದಿರು ಗುಂಪುಗಟ್ಟಿದ್ದರು. ಒಳಗೆ ಮಕ್ಕಳು ಇನ್ನೂ ಬೆಂಚಿನ ಮೇಲೇ, ಕಾಲು ಮೇಲೆಳೆದುಕೊಂಡು ಕೂತಿದ್ದರು. ಯಾರೋ ಒಬ್ಬ ಸಣ್ಣಗೆ ಅಳುತ್ತಿದ್ದ. ಟೀಚರ್ ಮಂಡಿಯೂರಿ ಇನ್ನೂ ನೆಲ ಸವರುತ್ತಿದ್ದಳು. ಅಯಸ್ಕಾಂತ ಚಾಪೆಗೆ ಉಜ್ಜುವ ಸದ್ದು ಅಜ್ಜಿಯ ಕಿವಿಗೆ ಬಿತ್ತು.

"ಸಾಕು ಟೀಚರ್, ಏಳಿ" ಎಂದಳು. "ಸೂಜಿ ಇಲ್ಲಿ ಕಳೀಲೇ ಇಲ್ಲ. ನಾನೇ ಬೆಳಿಗ್ಗೆ ಗುಡೀಲಿ ಚುಚ್ಚಿ ಬಂದಿದ್ದೆ. ನಂಗೆ ಕಣ್ಣು ಕಾಣಲ್ಲ. ಎರಡು ವರ್ಷ ಆಯ್ತು. ನಿಮ್ಗೆ ಹೇಳ್ಲಿಲ್ಲ."

ಟೀಚರ್ ಎದ್ದು ಬಂದು ಸೂಜಿಯನ್ನೂ ಮೆತ್ತೆಯನ್ನೂ ಅಜ್ಜಿಯ ಕೈಯಿಂದ ತೆಗೆದುಕೊಂಡಳು. ಇನ್ನು ಮೇಲೆ ಇವು ನನ್ನ ಹತ್ತಿರ ಇರುತ್ತವೆ ಎಂದಷ್ಟೇ ಹೇಳಿದಳು. ಸಿಟ್ಟಿನಲ್ಲಿ ಹೇಳಿದಳೋ ಹೇಗೋ, ಮುಖ ನೋಡಿ ತಿಳಿಯುವ ಭಾಗ್ಯ ಅಜ್ಜಿಗಿರಲಿಲ್ಲ. ಮಕ್ಕಳಿಗೆ ಒಮ್ಮೆ ತಲೆಬಾಗಿ ಬಾಗಿಲ ಕಡೆ ತಿರುಗಿದಳು.

ಬಾಗಿಲಲ್ಲಿ ಸುಜು ಅಡ್ಡ ನಿಂತಿದ್ದಳು. ಹೊಟ್ಟೆ ಸೀಳಿದ ಹಣ್ಣನ್ನು ಅಜ್ಜಿಯ ಅಂಗೈಗೆ ತುರುಕಿದಳು.

"ಹರಿದಿದ್ದು ನೀವು. ನೀವೇ ಹೊಲಿದುಕೊಡಿ."

"ಕಾಣಲ್ಲ ಕಂದ."

"ಹಾಗಾದ್ರೆ ನಾನು ಹೊಲೀತೀನಿ. ಎಲ್ಲಿ ಚುಚ್ಬೇಕು ಅಂತ ನೀವು ಪಕ್ಕದಲ್ಲಿ ಕೂತು ಮುಟ್ಟಿ ಹೇಳಿ."

"ಇವತ್ತು ಸೂಜಿಗೆ ರಜ. ಇವತ್ತು ಮುಟ್ಟಬಾರ್ದು" ಎಂದಳು ಅಜ್ಜಿ.

"ನಾಳೆ?"

ಅಜ್ಜಿಯ ಬೆನ್ನ ಹಿಂದೆ ಕುಗಾ ಟೀಚರ್ ಸೂಜಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಮೆತ್ತೆಗೆ ಚುಚ್ಚುತ್ತ, ಎಲ್ಲರಿಗೂ ಕೇಳುವಂತೆ ಎಣಿಸತೊಡಗಿದಳು. ಬೆಂಚಿನ ಮೇಲಿನ ಮಕ್ಕಳೂ ದನಿಗೂಡಿಸಿದರು. ಅಜ್ಜಿ ಹಣ್ಣನ್ನು ಹಿಡಿದು ನಿಂತಲ್ಲೇ ನಿಂತಳು.

"ಹನ್ನೊಂದು" ಎಂದಳು ಟೀಚರ್. "ನಾಳೆ ಹತ್ತು ಗಂಟೆಗೆ ಬನ್ನಿ, ಅಜ್ಜಿ."